ಯಾವ ಹೊತ್ತಿಗೆ ಎಷ್ಟು ಹುಟ್ಟುವಳಿ

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಇಂದು ತಮಿಳುನಾಡಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ, ನಾಮಕ್ಕಲ್ ಜಿಲ್ಲೆಗಳಾಗಿ ಹಂಚಿಹೋಗಿದ್ದು, ಸೇಲಂ ಪಟ್ಟಣದ ದೇವಾಂಗ ನೇಕಾರರ ಕೇರಿಗಳಲ್ಲಿಯೂ ಪೆನ್ನಾಗರಂ, ಮೆಟ್ಟೂರು ಸುತ್ತಿನ ಹಳ್ಳಿಗಳಲ್ಲಿಯೂ ಕನ್ನಡ ಇಂದಿಗೂ ಮನೆಮಾತಾಗಿ ಉಳಿದಿದೆ. ಈ ಸೀಮೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಇತಿಹಾಸವನ್ನೋ ಹೊಗೇನಕಲ್ ಜಲಪಾತವನ್ನೋ ಎತ್ತಿಕೊಳ್ಳುತ್ತಾರೆ. ಆದರೆ ರಸಾಯನಶಾಸ್ತ್ರದ ಒಂದು ಮೂಲಭೂತ ಪ್ರಶ್ನೆಯನ್ನು ಅರಿಯುವುದಕ್ಕೆ ಇದಕ್ಕಿಂತ ಅನುಕೂಲವಾದ ನೆಲ ದಕ್ಷಿಣ ಭಾರತದಲ್ಲಿ ದೊರೆಯುವುದು ಕಷ್ಟ. ಒಂದು ರಾಸಾಯನಿಕ ಕ್ರಿಯೆ ಆರಂಭವಾಗಿ ಇಂತಿಷ್ಟು ಹೊತ್ತು ಕಳೆದಾಗ ಅದರಿಂದ ಎಷ್ಟು ಉತ್ಪನ್ನ ಕೈಗೆ ಬಂದಿರುತ್ತದೆ ಎಂಬುದನ್ನು ಮುಂಚಿತವಾಗಿಯೇ ಲೆಕ್ಕ ಹಾಕಿ ಹೇಳಬಹುದೇ ಎಂಬುದೇ ಆ ಪ್ರಶ್ನೆ.

ಸೇಲಂ ಪಟ್ಟಣದ ಹೊರವಲಯದ ಬಿಳಿಗುಡ್ಡಗಳಲ್ಲಿ ಅಗೆದ ಕಲ್ಲು ಒಲೆಯಲ್ಲಿ ಸುಟ್ಟು ಬೇರೆ ವಸ್ತುವಾಗುತ್ತದೆ. ಮೆಟ್ಟೂರಿನ ಕಾರ್ಖಾನೆಯಲ್ಲಿ ಉಪ್ಪುನೀರಿನ ಮೂಲಕ ವಿದ್ಯುತ್ತು ಹರಿದು ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ಹುಟ್ಟುತ್ತವೆ. ಧರ್ಮಪುರಿಯ ಹೊಲಗಳಲ್ಲಿ ಕಡಿದಿಟ್ಟ ಕಬ್ಬಿನೊಳಗೆ ಸಕ್ಕರೆ ಯಾರೂ ಕೇಳದಿದ್ದರೂ ತಾನಾಗಿಯೇ ಒಡೆಯತೊಡಗುತ್ತದೆ. ಮೂರೂ ರಾಸಾಯನಿಕ ಕ್ರಿಯೆಗಳೇ ಆದರೂ ಕಾಲಕ್ಕೂ ಉತ್ಪನ್ನಕ್ಕೂ ಇರುವ ಸಂಬಂಧ ಮೂರರಲ್ಲಿಯೂ ಮೂರು ಬಗೆಯದು. ಒಂದು ಗಂಟೆಯಲ್ಲಿ ಇಷ್ಟು ಬಂದರೆ ಹತ್ತು ಗಂಟೆಯಲ್ಲಿ ಅದರ ಹತ್ತರಷ್ಟು ಬಂದೀತು ಎಂಬ ಮಗ್ಗಿಯ ಲೆಕ್ಕ ಇವುಗಳಲ್ಲಿ ಒಂದಕ್ಕೆ ಮಾತ್ರ ಒಪ್ಪುತ್ತದೆ.

ಈ ಪ್ರಶ್ನೆಯಲ್ಲಿ ವಾಸ್ತವವಾಗಿ ಎರಡು ಲೆಕ್ಕಗಳು ಸೇರಿಕೊಂಡಿವೆ. ಕ್ರಿಯೆ ಪೂರ್ಣವಾಗಿ ಮುಗಿದಾಗ ಒಟ್ಟು ಎಷ್ಟು ಉತ್ಪನ್ನ ದೊರೆಯಬೇಕು ಎಂಬುದು ತೂಕದ ಲೆಕ್ಕ. ಮುಗಿಯುವ ಮೊದಲು, ನಡುವಿನ ಒಂದು ಗೊತ್ತಾದ ಹೊತ್ತಿನಲ್ಲಿ, ಅದರಲ್ಲಿ ಎಷ್ಟು ಪಾಲು ಆಗಿರುತ್ತದೆ ಎಂಬುದು ಕಾಲದ ಲೆಕ್ಕ. ಶಾಲೆಯ ಪುಸ್ತಕಗಳು ಮೊದಲನೆಯದನ್ನು ಸಮೀಕರಣ ಸರಿದೂಗಿಸುವ ಅಭ್ಯಾಸದ ಮೂಲಕ ವಿಪುಲವಾಗಿ ಕಲಿಸುತ್ತವೆಯಾದರೂ ಎರಡನೆಯದನ್ನು ಮೇಲಿನ ತರಗತಿಗಳಿಗೆ ಬಿಟ್ಟುಬಿಡುತ್ತವೆ. ಕಾರ್ಖಾನೆಗೂ ರೈತನಿಗೂ ಹೆಚ್ಚು ಬೇಕಾದದ್ದು ಎರಡನೆಯದೇ ಎಂಬುದನ್ನು ನೋಡಿದರೆ ಈ ಏರ್ಪಾಡು ಅಷ್ಟು ಸಮಂಜಸವೆಂದು ಹೇಳಲಾಗದು.

ತೂಕದ ಲೆಕ್ಕಕ್ಕೆ ಸೇಲಂನ ಬಿಳಿಕಲ್ಲು ಒಳ್ಳೆಯ ನಿದರ್ಶನ. ಆಂಗ್ಲರು ಸೀಮೆಸುಣ್ಣದ ಗುಡ್ಡಗಳೆಂದು ಹೆಸರಿಟ್ಟ ಆ ದಿಬ್ಬಗಳಲ್ಲಿ ಇರುವುದು ಸೀಮೆಸುಣ್ಣವಲ್ಲ, ಮ್ಯಾಗ್ನೆಸೈಟ್ ಎಂಬ ಖನಿಜ. ಡ್ಯೂನೈಟ್ ಎಂಬ ಕಪ್ಪು ಹಸಿರು ಶಿಲೆಯ ಸೀಳುಗಳಲ್ಲಿ ಇದು ಬಿಳಿ ನರಗಳಂತೆ ಹಬ್ಬಿಕೊಂಡಿದೆ. ರಾಸಾಯನಿಕವಾಗಿ ಇದು ಮ್ಯಾಗ್ನೀಸಿಯಂ ಕಾರ್ಬೊನೇಟ್. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಬಿಟ್ಟು ಮ್ಯಾಗ್ನೀಸಿಯಂ ಆಕ್ಸೈಡ್, ಅಂದರೆ ವ್ಯಾಪಾರದ ಮಾತಿನ ಮ್ಯಾಗ್ನೇಸಿಯ, ಆಗಿ ಉಳಿಯುತ್ತದೆ. ಯಾವುದೇ ವಸ್ತುವಿನ ಅಣುತೂಕವನ್ನು ಗ್ರಾಂಗಳಲ್ಲಿ ತೆಗೆದುಕೊಂಡರೆ ದೊರೆಯುವ ಪ್ರಮಾಣಕ್ಕೆ ಒಂದು ಮೋಲ್ ಎನ್ನುತ್ತಾರೆ. ಎಲ್ಲ ವಸ್ತುಗಳ ಒಂದು ಮೋಲ್‌ನಲ್ಲಿಯೂ ಅಣುಗಳ ಸಂಖ್ಯೆ ಒಂದೇ ಆಗಿರುವುದರಿಂದ ಅಣುಗಳ ನಡುವಣ ಲೆಕ್ಕವನ್ನು ತಕ್ಕಡಿಯ ಲೆಕ್ಕಕ್ಕೆ ಇಳಿಸಲು ಇದು ಸೇತುವೆಯಾಗುತ್ತದೆ. ಮ್ಯಾಗ್ನೆಸೈಟಿನ ಒಂದು ಮೋಲ್ 84.3 ಗ್ರಾಂ, ಸುಟ್ಟ ಮೇಲೆ ಅದರಿಂದ 40.3 ಗ್ರಾಂ ಮ್ಯಾಗ್ನೇಸಿಯ ಮತ್ತು 44 ಗ್ರಾಂ ಅನಿಲ ಬರುತ್ತವೆ. ಹೀಗಾಗಿ ಶುದ್ಧವಾದ ಒಂದು ಟನ್ ಕಲ್ಲಿನಿಂದ ಕೈಗೆ ಬರುವುದು 478 ಕಿಲೋ ಮಾತ್ರ, ಉಳಿದ 522 ಕಿಲೋ ಗಾಳಿಗೆ ಸೇರುತ್ತದೆ. ಒಲೆಯನ್ನು ಎಷ್ಟು ಚೆನ್ನಾಗಿ ಉರಿಸಿದರೂ, ಎಷ್ಟು ಹೊತ್ತು ಉರಿಸಿದರೂ ಈ 478 ಕಿಲೋ ಮೇಲೇರುವುದಿಲ್ಲ. ತೂಕದ ಲೆಕ್ಕ ಕೊಡುವುದು ಈ ಮೇಲ್ಮಿತಿಯನ್ನು.

ಅದೇ ಜಿಲ್ಲೆಯ ಮೆಟ್ಟೂರಿನಲ್ಲಿ ಕಾಲದ ಲೆಕ್ಕವು ತನ್ನ ಅತ್ಯಂತ ಸರಳ ರೂಪದಲ್ಲಿ ಕಾಣಸಿಗುತ್ತದೆ. 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ತಂಜಾವೂರು ಬಯಲಿನ ನೀರಾವರಿಗಾಗಿ ಕಟ್ಟಿದ್ದಾದರೂ, ಅದರ ಬುಡದ ವಿದ್ಯುದಾಗಾರ 1937ರಲ್ಲಿ ಕೆಲಸ ಆರಂಭಿಸಿದಾಗ ಆ ಊರಿನ ಹಣೆಬರಹವೇ ಬದಲಾಯಿತು. ಅಣೆಕಟ್ಟು ಮುಗಿದ ಎರಡೇ ವರ್ಷಗಳಲ್ಲಿ, 1936ರಲ್ಲಿ, ಮೆಟ್ಟೂರು ಕೆಮಿಕಲ್ ಅಂಡ್ ಇಂಡಸ್ಟ್ರಿಯಲ್ ಕಾರ್ಪೊರೇಷನ್ ಸ್ಥಾಪನೆಗೊಂಡಿತು. ಅದಕ್ಕೆ ಬೇಕಾದ ಉಪ್ಪು ಮೆಟ್ಟೂರಿನಲ್ಲಿ ದೊರೆಯುವುದಲ್ಲ, ದೂರದ ಕರಾವಳಿಯಿಂದ ಬರಬೇಕಾದದ್ದು. ಆದರೂ ಕಾರ್ಖಾನೆ ಉಪ್ಪಿನ ಬಳಿಗೆ ಹೋಗದೆ ಅಣೆಕಟ್ಟಿನ ಬಳಿಗೆ ಬಂದದ್ದೇಕೆ ಎಂಬುದಕ್ಕೆ ಉತ್ತರ ಈ ಕ್ರಿಯೆಯ ಲೆಕ್ಕದೊಳಗೇ ಇದೆ.

ನೀರಿನಲ್ಲಿ ಕರಗಿದ ಅಡುಗೆ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಎಂಬ ವಿದ್ಯುದಂಶವುಳ್ಳ ಕಣಗಳಾಗಿ, ಅಂದರೆ ಅಯಾನುಗಳಾಗಿ, ಬೇರ್ಪಟ್ಟಿರುತ್ತದೆ. ಆ ದ್ರಾವಣದಲ್ಲಿ ಎರಡು ವಿದ್ಯುದ್ವಾರಗಳನ್ನು ಇಳಿಸಿ ಏಕಮುಖ ವಿದ್ಯುತ್ತನ್ನು ಹರಿಸಿದಾಗ ಧನಾಗ್ರದಲ್ಲಿ ಕ್ಲೋರೈಡ್ ತನ್ನ ಹೆಚ್ಚಿನ ಎಲೆಕ್ಟ್ರಾನನ್ನು ಕಳೆದುಕೊಂಡು ಹಸಿರು ಹಳದಿ ಬಣ್ಣದ ಕ್ಲೋರಿನ್ ಅನಿಲವಾಗುತ್ತದೆ. ಋಣಾಗ್ರದಲ್ಲಿ ನೀರು ಒಡೆದು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ, ಅಲ್ಲಿ ಉಳಿದ ಹೈಡ್ರಾಕ್ಸೈಡ್ ಸೋಡಿಯಂ ಜೊತೆ ಸೇರಿ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಸಾಬೂನಿಗೂ ಕಾಗದಕ್ಕೂ ಬಟ್ಟೆಯ ಸಂಸ್ಕರಣೆಗೂ ಬೇಕಾದ ಕಾಸ್ಟಿಕ್ ಸೋಡಾ, ಆಗುತ್ತದೆ. ಇದಕ್ಕೆ ವಿದ್ಯುದ್ವಿಭಜನೆ ಎಂದು ಹೆಸರು. ಒಂದು ಅಣು ಕಾಸ್ಟಿಕ್ ಸೋಡಾ ಹುಟ್ಟಬೇಕಾದರೆ ಒಂದು ಎಲೆಕ್ಟ್ರಾನ್ ಆ ತೊಟ್ಟಿಯನ್ನು ದಾಟಲೇಬೇಕು. ಎಲೆಕ್ಟ್ರಾನ್ ದಾಟದೆ ಉತ್ಪನ್ನವಿಲ್ಲ. ವಿದ್ಯುತ್ ಪ್ರವಾಹವೆಂದರೆ ಸೆಕೆಂಡಿಗೆ ಇಷ್ಟು ಎಲೆಕ್ಟ್ರಾನ್ ಎಂಬ ಎಣಿಕೆಯೇ ಆದ್ದರಿಂದ, ಇಲ್ಲಿ ಆಮ್ಮೀಟರಿನ ಮುಳ್ಳು ತೋರಿಸುವುದು ಕ್ರಿಯೆಯ ವೇಗವನ್ನೇ.

ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ 1833–34ರ ಸುಮಾರಿನಲ್ಲಿ ಕಂಡುಹಿಡಿದು ನಿಯಮವಾಗಿ ಹೇಳಿದ್ದು ಇದನ್ನೇ: ವಿದ್ಯುದ್ವಿಭಜನೆಯಲ್ಲಿ ಹುಟ್ಟುವ ವಸ್ತುವಿನ ತೂಕವು ಹರಿದ ವಿದ್ಯುತ್ತಿನ ಒಟ್ಟು ಪ್ರಮಾಣಕ್ಕೆ ನೇರ ಅನುಪಾತದಲ್ಲಿರುತ್ತದೆ. ಒಂದು ಆಂಪಿಯರ್ ಪ್ರವಾಹ ಒಂದು ಸೆಕೆಂಡು ಹರಿದರೆ ಒಂದು ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನ್‌ಗಳ ಒಟ್ಟು ವಿದ್ಯುದಂಶ 96,485 ಕೂಲಂಬ್, ಇದನ್ನು ಫ್ಯಾರಡೆ ಸ್ಥಿರಾಂಕವೆಂದು ಕರೆಯುತ್ತಾರೆ. ಸಾವಿರ ಆಂಪಿಯರ್ ಪ್ರವಾಹವನ್ನು ಒಂದು ಗಂಟೆ, ಅಂದರೆ 3,600 ಸೆಕೆಂಡು, ಹರಿಸಿದರೆ 36 ಲಕ್ಷ ಕೂಲಂಬ್ ಆಗುತ್ತದೆ. ಅದನ್ನು ಸ್ಥಿರಾಂಕದಿಂದ ಭಾಗಿಸಿದಾಗ 37.3 ಮೋಲ್ ಎಲೆಕ್ಟ್ರಾನ್ ಬರುತ್ತದೆ. ಕಾಸ್ಟಿಕ್ ಸೋಡಾದ ಅಣುತೂಕ 40 ಆದ್ದರಿಂದ ಆ ಒಂದು ಗಂಟೆಯ ಹುಟ್ಟುವಳಿ ಸುಮಾರು 1,492 ಗ್ರಾಂ. ಜೊತೆಯಲ್ಲಿ 1,323 ಗ್ರಾಂ ಕ್ಲೋರಿನ್ನೂ 38 ಗ್ರಾಂನಷ್ಟು ಹೈಡ್ರೋಜನ್ನೂ ಬರುತ್ತವೆ. ಎರಡನೆಯ ಗಂಟೆಯಲ್ಲಿಯೂ ಅಷ್ಟೇ, ಇಪ್ಪತ್ತನೆಯ ಗಂಟೆಯಲ್ಲಿಯೂ ಅಷ್ಟೇ. ಹಳೆಯ ಉಪ್ಪುನೀರು ತೆಳುವಾಗದಂತೆ ಹೊಸದನ್ನು ತುಂಬುತ್ತಿದ್ದು ಪ್ರವಾಹವನ್ನು ಕದಲದಂತೆ ಇಟ್ಟರೆ ಕಾಲ ಮತ್ತು ಉತ್ಪನ್ನಗಳ ನಕ್ಷೆ ನೇರ ಗೆರೆಯಾಗಿರುತ್ತದೆ. ಮಗ್ಗಿಯ ಲೆಕ್ಕ ಒಪ್ಪುವ ಕ್ರಿಯೆ ಇದೇ.

ಪ್ರವಾಹ ಕದಲಿದರೆ ಲೆಕ್ಕ ಕೆಡುವುದಿಲ್ಲ, ಸ್ವಲ್ಪ ಉದ್ದವಾಗುತ್ತದೆ ಅಷ್ಟೆ. ವಿದ್ಯುತ್ತಿನ ಅಭಾವದ ದಿನವೊಂದರಲ್ಲಿ ತೊಟ್ಟಿಯೊಂದು 16 ಗಂಟೆ ಕಾಲ 10,000 ಆಂಪಿಯರ್‌ನಲ್ಲಿಯೂ ಉಳಿದ 8 ಗಂಟೆ 6,000 ಆಂಪಿಯರ್‌ನಲ್ಲಿಯೂ ನಡೆಯಿತೆಂದು ಭಾವಿಸಿದರೆ, ಒಂದೊಂದು ಅವಧಿಯ ಆಂಪಿಯರ್ ಮತ್ತು ಗಂಟೆಗಳನ್ನು ಗುಣಿಸಿ ಕೂಡಿದಾಗ 1,60,000 ಮತ್ತು 48,000 ಸೇರಿ 2,08,000 ಆಂಪಿಯರ್-ಗಂಟೆ ಆಗುತ್ತದೆ, ಆಂಪಿಯರ್-ಗಂಟೆಗೆ 1.492 ಗ್ರಾಂನಂತೆ ಹುಟ್ಟುವಳಿ 310 ಕಿಲೋ. ಗಣಿತಜ್ಞರು ಅನುಕಲನವೆಂದು ಕರೆಯುವ, ವಿದ್ಯಾರ್ಥಿಗಳು ಹೆಸರು ಕೇಳಿಯೇ ಬೆದರುವ ವಿಧಾನದ ತಿರುಳು ಇಷ್ಟೇ: ವೇಗ ಬದಲಾಗುವ ಕಡೆ ಕಾಲವನ್ನು ತುಂಡು ಮಾಡು, ಪ್ರತಿ ತುಂಡಿನಲ್ಲಿಯೂ ವೇಗ ಸ್ಥಿರವೆಂದು ಹಿಡಿದು ಗುಣಿಸು, ಕೊನೆಗೆ ಕೂಡು. ಇಂತಹ ತೊಟ್ಟಿಗಳನ್ನು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿರುವುದರಿಂದ ಒಂದೇ ಪ್ರವಾಹ ಎಲ್ಲವನ್ನೂ ಹಾದುಹೋಗುತ್ತದೆ. ನೂರು ತೊಟ್ಟಿಗಳಿದ್ದರೆ ನೂರರಲ್ಲಿಯೂ ತಲಾ 310 ಕಿಲೋ.

ಇದು ಕಾಗದದ ಮೇಲಿನ ಸಂಖ್ಯೆ. ತೊಟ್ಟಿಯೊಳಗೆ ಒಂದಷ್ಟು ಹೈಡ್ರಾಕ್ಸೈಡ್ ಎರಡು ವಿದ್ಯುದ್ವಾರಗಳ ನಡುವಿನ ತಡೆಪೊರೆಯನ್ನು ದಾಟಿ ಎದುರು ಬದಿಗೆ ಹೋಗಿ ಕ್ಲೋರಿನ್ ಜೊತೆ ಸೇರಿಕೊಂಡು ಹಾಳಾಗುವುದರಿಂದ, ದಾಟಿದ ಎಲೆಕ್ಟ್ರಾನುಗಳೆಲ್ಲವೂ ಸರಕಾಗಿ ಹೊರಬರುವುದಿಲ್ಲ. ಹೊರಬಂದ ಪಾಲಿಗೆ ಪ್ರವಾಹ ದಕ್ಷತೆ ಎಂದು ಹೆಸರು. ಒಳ್ಳೆಯ ಸ್ಥಿತಿಯಲ್ಲಿರುವ ಪೊರೆಯ ತೊಟ್ಟಿಯಲ್ಲಿ ಇದು ಶೇ. 95ರ ಆಸುಪಾಸಿನಲ್ಲಿರುತ್ತದೆ, ಹಾಗಿದ್ದರೆ ಮೇಲಿನ 310 ಕಿಲೋ 295 ಕಿಲೋಗೆ ಇಳಿಯುತ್ತದೆ. ತೊಟ್ಟಿಯಿಂದ ತೊಟ್ಟಿಗೆ ಈ ದಕ್ಷತೆಯನ್ನು ಹೋಲಿಸಿ ನೋಡಿಯೇ ಯಾವ ಪೊರೆ ಹಳತಾಗಿದೆ ಎಂದು ತಿಳಿಯಬಹುದಾದ್ದರಿಂದ, ಫ್ಯಾರಡೆಯ ಲೆಕ್ಕ ಕಾರ್ಖಾನೆಗೆ ಸರಕಿನ ಅಂದಾಜನ್ನು ಮಾತ್ರವಲ್ಲದೆ ಯಂತ್ರದ ಆರೋಗ್ಯದ ಸುಳಿವನ್ನೂ ಕೊಡುತ್ತದೆ. ಹಿಂದಿನ ಕಾಲದಲ್ಲಿ ಎರಡು ಬದಿಗಳನ್ನು ಬೇರ್ಪಡಿಸಲು ಪಾದರಸವನ್ನು ಬಳಸುವ ತೊಟ್ಟಿಗಳು ಜಗತ್ತಿನಾದ್ಯಂತ ಇದ್ದವು. ಪಾದರಸದ ವಿಷ ನೀರಿಗೂ ಮೀನಿಗೂ ಸೇರುವುದು ಮನವರಿಕೆಯಾದ ಮೇಲೆ ಅವುಗಳನ್ನು ಕೈಬಿಟ್ಟು ಪೊರೆಯ ತೊಟ್ಟಿಗಳಿಗೆ ಹೋಗುವುದು ಅನಿವಾರ್ಯವಾಯಿತು, 2013ರ ಮಿನಮಾಟ ಒಡಂಬಡಿಕೆ ಅದಕ್ಕೆ ಅಂತಿಮ ಗಡುವನ್ನೂ ವಿಧಿಸಿತು.

ಕಾರ್ಖಾನೆ ಅಣೆಕಟ್ಟಿನ ಬಳಿಗೆ ಬಂದ ಕಾರಣವೂ ಇದೇ ಲೆಕ್ಕವನ್ನು ತಿರುಗಿಸಿ ಓದಿದಾಗ ತಿಳಿಯುತ್ತದೆ. ಒಂದು ಟನ್ ಕಾಸ್ಟಿಕ್ ಸೋಡಾ ಬೇಕಾದರೆ ಸುಮಾರು 6,70,000 ಆಂಪಿಯರ್-ಗಂಟೆ ಹರಿಯಬೇಕು. ತೊಟ್ಟಿಯನ್ನು 3 ವೋಲ್ಟ್‌ನಲ್ಲಿ ನಡೆಸಿದರೂ ಅದಕ್ಕೆ ತಗಲುವ ವಿದ್ಯುತ್ತು 2,000 ಯೂನಿಟ್ ದಾಟುತ್ತದೆ. ಅಲ್ಯೂಮಿನಿಯಂನ ವಿಷಯದಲ್ಲಿ ಇದು ಇನ್ನೂ ತೀವ್ರ. 1960ರ ದಶಕದಲ್ಲಿ ಮೆಟ್ಟೂರಿನಲ್ಲಿಯೇ ತಲೆಯೆತ್ತಿದ ಮದ್ರಾಸ್ ಅಲ್ಯೂಮಿನಿಯಂ ಕಂಪನಿಯು ಯೇರ್ಕಾಡು ಇರುವ ಶೆವರಾಯ್ ಬೆಟ್ಟಗಳ ಬಾಕ್ಸೈಟ್ ಅದಿರನ್ನು ಬಳಸುತ್ತಿತ್ತು; ಆ ಅದಿರಿನಿಂದ ಶುದ್ಧ ಅಲ್ಯೂಮಿನವನ್ನು ಬೇರ್ಪಡಿಸಲು ಬೇಕಾಗುವುದು ಕಾಸ್ಟಿಕ್ ಸೋಡಾ, ಅಲ್ಯೂಮಿನದಿಂದ ಲೋಹವನ್ನು ತೆಗೆಯಲು ಬೇಕಾಗುವುದು ಮತ್ತೆ ವಿದ್ಯುದ್ವಿಭಜನೆ. ಅಲ್ಯೂಮಿನಿಯಂನ ಒಂದು ಪರಮಾಣುವಿಗೆ ಮೂರು ಎಲೆಕ್ಟ್ರಾನ್ ಬೇಕು, ಅದರ ಪರಮಾಣು ತೂಕವೋ ಬರೀ 27. ಹೀಗಾಗಿ ಸಾವಿರ ಆಂಪಿಯರ್ ಒಂದು ಗಂಟೆ ಹರಿದು ಒಂದೂವರೆ ಕಿಲೋ ಕಾಸ್ಟಿಕ್ ಸೋಡಾ ಕೊಡುವ ಕಡೆ ಅಲ್ಯೂಮಿನಿಯಂ ದೊರೆಯುವುದು ಹೆಚ್ಚೆಂದರೆ 336 ಗ್ರಾಂ. ಒಂದು ಟನ್ ಲೋಹಕ್ಕೆ 13,000 ಯೂನಿಟ್‌ಗೂ ಮಿಕ್ಕಿ ವಿದ್ಯುತ್ತು ತಗಲುತ್ತದೆ. ಆ ಕಾರ್ಖಾನೆಯ ಲೋಹ ತಯಾರಿಕೆ 2008ರಲ್ಲಿ ನಿಂತುಹೋಯಿತು.

ಮೆಟ್ಟೂರಿನ ನೇರ ಗೆರೆಯನ್ನು ಬಿಟ್ಟು ಸೇಲಂನ ಕಲ್ಲಿನ ಒಲೆಗೆ ಮರಳಿದರೆ ಕಾಲದ ಲೆಕ್ಕ ಬಾಗತೊಡಗುತ್ತದೆ. ಒಲೆಯೊಳಗಿನ ಕಲ್ಲುಗಳಲ್ಲಿ ಕ್ರಿಯೆ ಕಲ್ಲಿನ ತುಂಬ ಏಕಕಾಲಕ್ಕೆ ನಡೆಯದೆ ಮೇಲ್ಮೈಯಲ್ಲಿ ಆರಂಭವಾಗಿ ಕ್ರಮೇಣ ಒಳಕ್ಕೆ ಸರಿಯುತ್ತದೆ. ಹೊರಗೆ ಬೆಂದ ಮ್ಯಾಗ್ನೇಸಿಯದ ಪದರ, ಒಳಗೆ ಇನ್ನೂ ಹಸಿಯಾದ ತಿರುಳು, ಎರಡರ ನಡುವೆ ಅನಿಲ ಹೊರಡುವ ಗಡಿ. ಆ ಗಡಿ ಒಂದೇ ವೇಗದಲ್ಲಿ ಒಳಸರಿಯುತ್ತದೆ ಎಂದು ಇಟ್ಟುಕೊಂಡು ಗಂಟೆಗೆ ಅರ್ಧ ಸೆಂಟಿಮೀಟರ್ ಎಂದು ಭಾವಿಸಿದರೆ, 3 ಸೆಂಟಿಮೀಟರ್ ತ್ರಿಜ್ಯದ ದುಂಡುಕಲ್ಲು ಪೂರ್ತಿ ಬೇಯಲು 6 ಗಂಟೆ ಬೇಕು. ಅರ್ಧ ಕಾಲ, ಅಂದರೆ 3 ಗಂಟೆ, ಕಳೆದಾಗ ಅರ್ಧ ಕಲ್ಲು ಬೆಂದಿರುತ್ತದೆ ಎಂದು ಊಹಿಸುವುದು ಸಹಜವಾದರೂ ಅದು ತಪ್ಪು. ಆಗ ಉಳಿದ ತಿರುಳಿನ ತ್ರಿಜ್ಯ ಮೊದಲಿನ ಅರ್ಧ. ಗೋಳದ ಗಾತ್ರ ತ್ರಿಜ್ಯದ ಘನಕ್ಕೆ ತಕ್ಕಂತೆ ಇರುವುದರಿಂದ ಅದರ ಗಾತ್ರ ಮೊದಲಿನ ಎಂಟನೆಯ ಒಂದು ಭಾಗ. ಎಂಟರಲ್ಲಿ ಏಳು ಭಾಗ, ಅಂದರೆ ಶೇ. 87.5, ಆಗಲೇ ಬೆಂದಾಗಿದೆ. ಒಂದೂವರೆ ಗಂಟೆಗೇ ಶೇ. 58ರಷ್ಟು ಆಗಿರುತ್ತದೆ, ನಾಲ್ಕೂವರೆ ಗಂಟೆಗೆ ಶೇ. 98. ಒಂದು ಟನ್ ಶುದ್ಧ ಕಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಮೂರು ಗಂಟೆಗಳು 418 ಕಿಲೋ ಮ್ಯಾಗ್ನೇಸಿಯವನ್ನೂ ಕೊನೆಯ ಮೂರು ಗಂಟೆಗಳು ಬರೀ 60 ಕಿಲೋವನ್ನೂ ಕೊಡುತ್ತವೆ, ಆದರೆ ಇಂಧನ ಎರಡು ಅವಧಿಗಳಲ್ಲಿಯೂ ಉರಿಯುತ್ತಲೇ ಇರಬೇಕು.

ಕಲ್ಲನ್ನು ಒಲೆಗೆ ಹಾಕುವ ಮೊದಲು ಒಡೆದು, ಜರಡಿ ಹಿಡಿದು, ಸಮಗಾತ್ರದ ತುಂಡುಗಳನ್ನಾಗಿ ವಿಂಗಡಿಸುವ ಪದ್ಧತಿಗೆ ಇರುವ ಕಾರಣವೂ ಇದೇ ಗಣಿತ. 6 ಸೆಂಟಿಮೀಟರ್ ತ್ರಿಜ್ಯದ ಕಲ್ಲಿಗೆ 12 ಗಂಟೆ ಬೇಕು. ಸಣ್ಣ ಕಲ್ಲು ದೊಡ್ಡ ಕಲ್ಲು ಬೆರೆತ ಒಲೆಯನ್ನು 6 ಗಂಟೆಗೆ ಬಿಚ್ಚಿದರೆ ಸಣ್ಣದು ಪೂರ್ತಿ ಬೆಂದಿರುತ್ತದೆ, ದೊಡ್ಡದರ ನಡುವೆ ಹಸಿ ತಿರುಳು ಉಳಿದಿರುತ್ತದೆ. ನಿಜವಾದ ಒಲೆಯಲ್ಲಿ ಶಾಖ ಕಲ್ಲಿನ ಒಳಕ್ಕೆ ಹೊಕ್ಕು ತಲುಪಲು ತೆಗೆದುಕೊಳ್ಳುವ ಸಮಯವೂ ಸೇರಿಕೊಳ್ಳುವುದರಿಂದ ದೊಡ್ಡ ಕಲ್ಲಿನ ಸ್ಥಿತಿ ಇನ್ನೂ ಕೆಡುತ್ತದೆ. ಮತ್ತೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 700ರಿಂದ 1,000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಅನಿಲವೆಲ್ಲ ಹೊರಟುಹೋಗಿ ಉತ್ಪನ್ನದ ಲೆಕ್ಕ ಮುಗಿಯುತ್ತದೆಯಾದರೂ, ಉಕ್ಕಿನ ಕುಲುಮೆಯ ಒಳಗೋಡೆಗೆ ಬೇಕಾದ ಇಟ್ಟಿಗೆಗಾಗಿ ಅದೇ ವಸ್ತುವನ್ನು 1,500 ಡಿಗ್ರಿಗೂ ಮೇಲೆ ಮತ್ತೆ ಸುಡುತ್ತಾರೆ. ಇದರಿಂದ ಒಂದು ಗ್ರಾಂ ಹೆಚ್ಚು ಮ್ಯಾಗ್ನೇಸಿಯವೂ ಹುಟ್ಟುವುದಿಲ್ಲ, ಹುಟ್ಟಿದ್ದು ದಟ್ಟವಾಗಿ, ನೀರಿಗೂ ಬೆಂಕಿಗೂ ಜಗ್ಗದ ಹರಳುಗಳಾಗಿ ಗಟ್ಟಿಗೊಳ್ಳುತ್ತದೆ. 1979ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ತಮಿಳುನಾಡು ಮ್ಯಾಗ್ನೆಸೈಟ್ ಸಂಸ್ಥೆ ಈ ಎರಡೂ ಬಗೆಯ ಸರಕನ್ನು ತಯಾರಿಸಿದ್ದುಂಟು.

ಸೇಲಂನ ಹೆಸರು ಕೇಳಿದೊಡನೆ ನೆನಪಾಗುವ ಸಬ್ಬಕ್ಕಿಯನ್ನು ಈ ಚರ್ಚೆಯಿಂದ ಹೊರಗಿಟ್ಟಿರುವುದು ಓದುಗರಿಗೆ ವಿಚಿತ್ರವೆನಿಸಬಹುದು. 1981ರಲ್ಲಿ ಸ್ಥಾಪನೆಯಾದ ಸೇಗೋಸರ್ವ್ ಸಹಕಾರ ಸಂಘದ ಮೂಲಕ ಮಾರಾಟವಾಗುವ, 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದ ಈ ಸರಕು ಮರಗೆಣಸಿನ ಹಿಟ್ಟನ್ನು ತೊಳೆದು, ತಂಗಿಸಿ, ಹರಳು ಕಟ್ಟಿ, ಹುರಿದು ಮಾಡುವಂಥದ್ದು. ಪಿಷ್ಟ ಅಲ್ಲಿ ಬೇರ್ಪಡುತ್ತದೆಯೇ ಹೊರತು ಹೊಸದಾಗಿ ಹುಟ್ಟುವುದಿಲ್ಲವಾದ್ದರಿಂದ ಅದರ ಲೆಕ್ಕ ಗೆಣಸಿನಲ್ಲಿ ಪಿಷ್ಟ ಎಷ್ಟಿತ್ತು ಎಂಬಲ್ಲಿಗೇ ಮುಗಿಯುತ್ತದೆ. ಅದೇ ಪಿಷ್ಟವನ್ನು ನೀರಿನೊಡನೆ ಒಡೆದು ಗ್ಲೂಕೋಸ್ ಮಾಡಿದರೆ ಮಾತ್ರ ಅದು ರಾಸಾಯನಿಕ ಕ್ರಿಯೆ. ಆಗ 100 ಕಿಲೋ ಪಿಷ್ಟದಿಂದ 111 ಕಿಲೋ ಗ್ಲೂಕೋಸ್ ಬರುತ್ತದೆ, ಹೆಚ್ಚಿದ 11 ಕಿಲೋ ಒಳಸೇರಿದ ನೀರಿನದು.

ಕಾಲದ ಲೆಕ್ಕದ ಇತಿಹಾಸವೇ ಆರಂಭವಾದದ್ದು ಪಿಷ್ಟದ ಹತ್ತಿರದ ಬಂಧುವಾದ ಕಬ್ಬಿನ ಸಕ್ಕರೆಯಿಂದ. ಧರ್ಮಪುರಿ ಜಿಲ್ಲೆಯ ಪಾಲಕ್ಕೋಡಿನ ಬಳಿಯ ತಿಮ್ಮನಹಳ್ಳಿಯ ಸಹಕಾರಿ ಸಕ್ಕರೆ ಕಾರ್ಖಾನೆ ಮತ್ತು ಹರೂರು ಕಡೆಯ ಗೋಪಾಲಪುರದ ಸುಬ್ರಮಣ್ಯ ಶಿವ ಸಹಕಾರಿ ಕಾರ್ಖಾನೆಗಳು ಅರೆಯುವ ಕಬ್ಬಿನಲ್ಲಿಯೂ, ಬೆಲ್ಲ ಕಾಯಿಸುವ ಆಲೆಮನೆಗಳ ಕೊಪ್ಪರಿಗೆಯಲ್ಲಿಯೂ ಇರುವ ಸಕ್ಕರೆಗೆ ರಸಾಯನಶಾಸ್ತ್ರದ ಹೆಸರು ಸುಕ್ರೋಸ್. ಆಮ್ಲದ ಸಂಗದಲ್ಲಿ ಅದು ಒಂದು ಅಣು ನೀರನ್ನು ಸೇರಿಸಿಕೊಂಡು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. 342 ಗ್ರಾಂ ಸುಕ್ರೋಸ್ 18 ಗ್ರಾಂ ನೀರಿನೊಡನೆ ಸೇರಿ ತಲಾ 180 ಗ್ರಾಂ ಆಗುತ್ತದೆ. ಸುಕ್ರೋಸ್ ದ್ರಾವಣವು ಧ್ರುವೀಕರಿಸಿದ ಬೆಳಕಿನ ತಲವನ್ನು ಬಲಕ್ಕೆ ತಿರುಗಿಸಿದರೆ ಒಡೆದ ಮಿಶ್ರಣ ಎಡಕ್ಕೆ ತಿರುಗಿಸುವುದರಿಂದ, ದ್ರಾವಣವನ್ನು ಮುಟ್ಟದೆ, ಅದರಿಂದ ಒಂದು ತೊಟ್ಟನ್ನೂ ಹೊರತೆಗೆಯದೆ, ಬೆಳಕಿನ ತಿರುವನ್ನು ನೋಡುತ್ತಲೇ ಕ್ರಿಯೆ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಬಹುದು. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಮಾಡಿದ್ದು ಇದನ್ನೇ. ಯಾವ ಕ್ಷಣದಲ್ಲಿ ನೋಡಿದರೂ ಸಕ್ಕರೆ ಒಡೆಯುವ ವೇಗವು ಆ ಕ್ಷಣದಲ್ಲಿ ಒಡೆಯದೆ ಉಳಿದ ಸಕ್ಕರೆಗೆ ಅನುಪಾತದಲ್ಲಿದೆ ಎಂದು ಆತ ಕಂಡುಕೊಂಡು ಸಮೀಕರಣವಾಗಿ ಬರೆದನು. ರಾಸಾಯನಿಕ ಕ್ರಿಯೆಯೊಂದರ ವೇಗವನ್ನು ಗಣಿತದ ಸೂತ್ರದಲ್ಲಿ ಹಿಡಿದಿಟ್ಟ ಮೊದಲ ಕೆಲಸವೆಂದು ಇದನ್ನು ಪರಿಗಣಿಸಲಾಗುತ್ತದೆ.

ಉಳಿದದ್ದಕ್ಕೆ ತಕ್ಕಂತೆ ವೇಗ ಎಂಬ ಈ ನಿಯಮಕ್ಕೆ ಬದ್ಧವಾದ ಕ್ರಿಯೆಗಳನ್ನು ಪ್ರಥಮ ದರ್ಜೆಯ ಕ್ರಿಯೆಗಳೆನ್ನುತ್ತಾರೆ; ಉಳಿದದ್ದು ಅರ್ಧವಾಗಲು ಹಿಡಿಯುವ ಸಮಯ, ಅಂದರೆ ಅರ್ಧಾಯು, ಇವುಗಳಲ್ಲಿ ಆರಂಭದಿಂದ ಕೊನೆಯವರೆಗೂ ಒಂದೇ ಆಗಿರುತ್ತದೆ. 100 ಕಿಲೋ ಸುಕ್ರೋಸ್ ಇರುವ ರಸವೊಂದರ ಅರ್ಧಾಯು 10 ಗಂಟೆ ಎಂದು ಉದಾಹರಣೆಗೆ ಇಟ್ಟುಕೊಂಡರೆ, 10 ಗಂಟೆಗೆ ಅರ್ಧ, 20 ಗಂಟೆಗೆ ಮುಕ್ಕಾಲು, 30 ಗಂಟೆಗೆ ಶೇ. 87.5 ಒಡೆದಿರುತ್ತದೆ. ಮೊದಲ ಗಂಟೆಯಲ್ಲಿ ಒಡೆಯುವುದು ಶೇ. 6.7, ಇದನ್ನು ಕಂಡವನು ಮಗ್ಗಿ ಹಿಡಿದು ಗುಣಿಸಿದರೆ 15 ಗಂಟೆಗೆ ಸಕ್ಕರೆಯೆಲ್ಲ ಮುಗಿಯಬೇಕು, ಆದರೆ ವಾಸ್ತವದಲ್ಲಿ ಆ ಹೊತ್ತಿಗೆ ಒಡೆದಿರುವುದು ಶೇ. 65ಕ್ಕಿಂತ ತುಸು ಕಡಿಮೆ. ಸೂತ್ರ ಗೊತ್ತಿಲ್ಲದವರೂ ಈ ಲೆಕ್ಕವನ್ನು ಮಾಡಬಹುದು: ಚಕ್ರಬಡ್ಡಿಯಲ್ಲಿ ಅಸಲು ವರ್ಷ ವರ್ಷವೂ ಬೆಳೆದಂತೆ ಇಲ್ಲಿ ಅದು ಗಂಟೆ ಗಂಟೆಗೂ ಕರಗುತ್ತದೆ ಎಂದು ಹಿಡಿದು, ಪ್ರತಿ ಗಂಟೆಯ ಕೊನೆಯಲ್ಲಿ ಉಳಿದದ್ದನ್ನು 0.933ರಿಂದ ಗುಣಿಸುತ್ತಾ ಹೋದರೆ ಹತ್ತನೆಯ ಸಲಕ್ಕೆ 50 ಕಿಲೋಗೆ ಬಂದು ನಿಲ್ಲುತ್ತದೆ. ಕಳೆದುಹೋದ 50 ಕಿಲೋ ಸುಕ್ರೋಸಿಗೆ ಒಳಸೇರಿದ ನೀರನ್ನೂ ಕೂಡಿದರೆ ಉತ್ಪನ್ನ 52.6 ಕಿಲೋ; ತೂಕದ ಲೆಕ್ಕವೂ ಕಾಲದ ಲೆಕ್ಕವೂ ಒಂದಾಗುವುದು ಇಲ್ಲಿ.

ಈ ಉದಾಹರಣೆಯ 10 ಗಂಟೆ ಎಲ್ಲ ರಸಕ್ಕೂ ಅನ್ವಯಿಸುವ ಸಂಖ್ಯೆಯಲ್ಲ. ಅರ್ಧಾಯುವನ್ನು ನಿರ್ಧರಿಸುವುದು ಮುಖ್ಯವಾಗಿ ಹುಳಿ ಮತ್ತು ಶಾಖ. ಹುಳಿಯನ್ನು ಅಳೆಯುವ ಪಿಎಚ್ ಮಾಪನದಲ್ಲಿ ಒಂದು ಅಂಕ ಇಳಿದರೆ ಆಮ್ಲದ ಅಯಾನು ಹತ್ತು ಪಟ್ಟಾಗುತ್ತದೆ, ಸಕ್ಕರೆ ಒಡೆಯುವ ವೇಗವೂ ಸರಿಸುಮಾರು ಹತ್ತು ಪಟ್ಟಾಗುತ್ತದೆ. ಆಗತಾನೆ ಹಿಂಡಿದ ಕಬ್ಬಿನ ಹಾಲಿನ ಪಿಎಚ್ 5ಕ್ಕೆ ಸ್ವಲ್ಪ ಮೇಲಿರುತ್ತದೆ. ಅದಕ್ಕೆ ಸುಣ್ಣದ ತಿಳಿಯನ್ನು ಹಾಕಿ 7ರ ಹತ್ತಿರಕ್ಕೆ ತರುವ ರೂಢಿ ಕಾರ್ಖಾನೆಯಲ್ಲಿಯೂ ಆಲೆಮನೆಯಲ್ಲಿಯೂ ಇರುವುದರ ಗುಟ್ಟು ಇದೇ, ಏಕೆಂದರೆ ಅಷ್ಟರಿಂದಲೇ ಒಡೆಯುವ ವೇಗ ನೂರರಲ್ಲಿ ಒಂದೆರಡು ಭಾಗದಷ್ಟಕ್ಕೆ ಇಳಿಯುತ್ತದೆ. ಶಾಖದ ಪ್ರಭಾವವನ್ನು 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್ ಸೂತ್ರಬದ್ಧಗೊಳಿಸಿದಾಗಲೂ ಆತನ ಮುಂದಿದ್ದ ಮುಖ್ಯ ನಿದರ್ಶನ ಇದೇ ಕಬ್ಬಿನ ಸಕ್ಕರೆಯದು. ಹತ್ತು ಡಿಗ್ರಿ ಶಾಖ ಏರಿದರೆ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ ಎಂಬ ಸ್ಥೂಲವಾದ ಮಾತು ಪುಸ್ತಕಗಳಲ್ಲಿದೆ. ಸಕ್ಕರೆಯ ವಿಷಯದಲ್ಲಿ, 25ರಿಂದ 35 ಡಿಗ್ರಿಗೆ ಏರಿದಾಗ, ಅದು ಸುಮಾರು ನಾಲ್ಕು ಪಟ್ಟಾಗುತ್ತದೆ. ಹುಳಿಯಾದ ರಸವನ್ನು ಕುದಿಯುವ ಕೊಪ್ಪರಿಗೆಯಲ್ಲಿ ಹೊತ್ತು ಮೀರಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು: ಒಡೆದ ಸಕ್ಕರೆ ಹರಳುಗಟ್ಟುವುದಿಲ್ಲ, ಬೆಲ್ಲ ಅಚ್ಚಿನಲ್ಲಿ ಬಿಗಿಯದೆ ಮೆತ್ತಗಾಗುತ್ತದೆ, ಮಳೆಗಾಲದ ತೇವವನ್ನು ಹೀರಿ ಜಿನುಗತೊಡಗುತ್ತದೆ.

ಕಡಿದ ಕಬ್ಬು ಗಾಣ ಅಥವಾ ಕಾರ್ಖಾನೆ ಸೇರುವ ಮೊದಲು ಬಿಸಿಲಿನಲ್ಲಿ ಬಿದ್ದಿದ್ದರೆ ಇದೇ ಕ್ರಿಯೆ ಕಬ್ಬಿನ ಒಳಗಿನ ಕಿಣ್ವದಿಂದಲೂ ಕಡಿದ ತುದಿಯಲ್ಲಿ ಹೊಕ್ಕ ಸೂಕ್ಷ್ಮಜೀವಿಗಳಿಂದಲೂ ನಡೆಯುತ್ತದೆ. ಇಲ್ಲಿ ಸೂತ್ರ ವಿಲ್ಹೆಲ್ಮಿ ಹೇಳಿದಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ. ಜೀವಿಗಳು ಹೆಚ್ಚಿದಂತೆ ವೇಗ ಇಳಿಯುವ ಬದಲು ಏರಲೂಬಹುದು. ನಷ್ಟದ ದಿಕ್ಕು ಮಾತ್ರ ಒಂದೇ, ಅದು ಬೀಳುವುದು ಮೊದಲು ಸಕ್ಕರೆಯ ಇಳುವರಿಯ ಮೇಲೆ, ಆಮೇಲೆ ಬೆಳೆಗಾರನ ಲೆಕ್ಕದ ಮೇಲೆ. ಕಟಾವಿನ ಪರವಾನಗಿ ಮತ್ತು ಲಾರಿಯ ಏರ್ಪಾಡನ್ನು ಒಂದು ದಿನದೊಳಗೆ ಹೊಂದಿಸುವುದು ಆಡಳಿತದ ಸಣ್ಣ ವಿವರವೆಂದು ತೋರಿದರೂ ವಾಸ್ತವದಲ್ಲಿ ಅದು ರಸಾಯನಶಾಸ್ತ್ರದ ಒತ್ತಾಯ.

ಲೆಕ್ಕ ಎಷ್ಟೇ ನಿಷ್ಕೃಷ್ಟವಾಗಿದ್ದರೂ ಅದನ್ನು ತಕ್ಕಡಿಯೊಡನೆ ತಾಳೆ ನೋಡದೆ ನಂಬುವಂತಿಲ್ಲ. ಮ್ಯಾಗ್ನೆಸೈಟ್ ಒಲೆಯ ಸರಕಿಗೆ ಇರುವ ಪರೀಕ್ಷೆ ಬಹು ಸರಳ: ಒಲೆಯಿಂದ ಹೊರಬಂದ ಸರಕಿನ ಪುಡಿಯನ್ನು ಒಂದು ಗ್ರಾಂನಷ್ಟು ಪಿಂಗಾಣಿ ಅಥವಾ ಪ್ಲಾಟಿನಂ ಮೂಸೆಯಲ್ಲಿ ತೂಗಿ, ಸುಮಾರು 1,000 ಡಿಗ್ರಿಯಲ್ಲಿ ತೂಕ ಸ್ಥಿರವಾಗುವ ತನಕ ಕಾಯಿಸಿ, ತೇವ ತಾಗದಂತೆ ಆರಿಸಿ, ಮತ್ತೆ ತೂಗುವುದು. ಇಳಿದ ತೂಕಕ್ಕೆ ದಹನ ನಷ್ಟ ಎನ್ನುತ್ತಾರೆ. ಒಲೆಯಲ್ಲಿ ಹೊರಡದೆ ಒಳಗೇ ಉಳಿದಿದ್ದ ಅನಿಲ ಅದು. 100 ಗ್ರಾಂಗೆ 5 ಗ್ರಾಂ ಇಳಿದರೆ 9.6 ಗ್ರಾಂ ಮ್ಯಾಗ್ನೆಸೈಟ್ ಹಸಿಯಾಗಿಯೇ ಉಳಿದಿತ್ತೆಂದೂ, ಶುದ್ಧ ಕಲ್ಲಾಗಿದ್ದರೆ ಮೂಲದ ಶೇ. 95ರಷ್ಟು ಭಾಗ ಮ್ಯಾಗ್ನೇಸಿಯವಾಗಿ ಪರಿವರ್ತನೆ ಹೊಂದಿತ್ತೆಂದೂ ಅದರಿಂದ ತಿಳಿಯುತ್ತದೆ. ಉಕ್ಕಿನ ಕುಲುಮೆಯ ಇಟ್ಟಿಗೆಗೆ ಹೋಗುವ ಗಟ್ಟಿಸುಟ್ಟ ಮ್ಯಾಗ್ನೇಸಿಯದಲ್ಲಿ ಈ ನಷ್ಟ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಇರುತ್ತದೆ.